ಗೋದಾಮಿನಲ್ಲಿ 22 ವರ್ಷ ಮಲಗಿದ್ದ ಹಾಯಿದೋಣಿ: ಎಲ್ಲಿಂದ ಕೈ ಹಚ್ಚಲಿ?

ಸುಂಟಿಕೊಪ್ಪದ ಬೆಳೆಗಾರ್ತಿ | ಜನವರಿ 14

ಎಲ್ಲರಿಗೂ ನಮಸ್ಕಾರ. ಈ ಸಲದ ಕೊಯ್ಲಿನ ಚೀಲಗಳಿಗೆ ಜಾಗ ಸಾಲದೆ ಗೋದಾಮಿನ ಹಿಂಬದಿಯನ್ನು ತೆರವು ಮಾಡಿಸಿದೆವು. ಹಳೆಯ ಪಲ್ಪರ್, ಮುರಿದ ಏಣಿ, ಹರಿದ ಗೋಣಿಗಳ ಹಿಂದೆ ದೊಡ್ಡಪ್ಪನ ಹಾಯಿದೋಣಿ ಮಗುಚಿಕೊಂಡು ಮಲಗಿತ್ತು. ದೊಡ್ಡಪ್ಪ ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದಾಗ ಲಾರಿಯಲ್ಲಿ ಕಪ್ಪು ಟ್ರಂಕುಗಳ ಮೇಲೆ ಅದನ್ನು ಕಟ್ಟಿಕೊಂಡು ತಂದಿದ್ದರು. ಕೆಲವು ವರ್ಷ ಓಡಿಸಿದರು. ಆಮೇಲೆ ಮಂಡಿ ನೋವು ಬಂತು, ದೋಣಿ ಗೋದಾಮು ಸೇರಿತು. ಈಗ ಅವರಿಲ್ಲ.

ನಿನ್ನೆ ನಾಲ್ಕು ಜನ ಸೇರಿ ಹೊರಗೆ ತಂದೆವು. ಉದ್ದ 4 ಮೀಟರಿಗಿಂತ ನಾಲ್ಕು ಸೆಂಟಿಮೀಟರ್ ಹೆಚ್ಚು, ಅಗಲ 1.6 ಮೀಟರ್. ಒಡಲು ಪ್ಲೈವುಡ್‌ನದು, ದಪ್ಪ 6 ಮಿಲಿಮೀಟರ್. ಪಕ್ಕೆ ದುಂಡಗಿಲ್ಲ, ಎರಡು ಕಡೆ ಮುರಿದು ಬಾಗಿಸಿದಂತಿದೆ. ಹಾಯಿಗಳು ನೀಲಿ, ಅದರ ಮೇಲೆ ಇಂಗ್ಲಿಷಿನ ದೊಡ್ಡ ಇ ಅಕ್ಷರ. ಹಾಯಿ ಚೀಲದಲ್ಲಿ ಇಲಿ ಗೂಡು ಮಾಡಿತ್ತು. ಕಂಬ ಮರದ್ದು, ನೇರವಾಗಿದೆ, ಆದರೆ ಒಂದು ಕಡೆ ಅಂಟಿನ ಗೆರೆ ಬಿಟ್ಟುಕೊಂಡಿದೆ. ತಂತಿಗಳೆಲ್ಲ ತುಕ್ಕು. ಹಗ್ಗಗಳು ಒಂದು ಬುಟ್ಟಿಯ ತುಂಬ ಇವೆ, ಯಾವುದು ಎಲ್ಲಿಗೆ ಎಂದು ತಿಳಿಯದು. ಒಡಲ ನಡುವಿನ ಸೀಳಿನಲ್ಲಿ ಇಳಿಯಬೇಕಾದ ಹಲಗೆ ಉಬ್ಬಿ ಸಿಕ್ಕಿಕೊಂಡಿದೆ.

ನನಗೆ ಕಾಫಿ ಗೊತ್ತು, ದೋಣಿ ಗೊತ್ತಿಲ್ಲ. ಇದನ್ನು ನೀರಿಗಿಳಿಸಬೇಕೆಂಬ ಆಸೆ ಮಾತ್ರ ಗಟ್ಟಿಯಾಗಿದೆ. ಬಣ್ಣ ಕೆರೆದು ಹೊಸ ಬಣ್ಣ ಹೊಡೆಸುವುದರಿಂದ ಆರಂಭಿಸಲೇ?

ನಿವೃತ್ತ ಸ್ಯಾಪರ್ | ಜನವರಿ 14

ಬಣ್ಣದ ಡಬ್ಬಿಯನ್ನು ದಯವಿಟ್ಟು ಮುಟ್ಟಬೇಡಿ. ಬಣ್ಣ ಕೊನೆಯ ಕೆಲಸ.

ನಿಮ್ಮ ಬಳಿ ಇರುವುದು ಎಂಟರ್‌ಪ್ರೈಸ್ ವರ್ಗದ ದೋಣಿ. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ರೂಪಿಸಿದ್ದು. ಪ್ಲೈವುಡ್ ತಂದು ಮನೆಯಂಗಳದಲ್ಲೇ ಕಟ್ಟಬಹುದಾದ ಇಬ್ಬರ ದೋಣಿ. ಆ ಬಾಗಿಸಿದ ಪಕ್ಕೆ ಅದಕ್ಕಾಗಿಯೇ. ನೀಲಿ ಹಾಯಿ ಈ ವರ್ಗದ ಗುರುತು. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಬಹಳ ಓಡಿದ ದೋಣಿ ಇದು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಈ ವರ್ಗಕ್ಕೆ ಪದಕವಿತ್ತು, ಸ್ಪರ್ಧೆ ನಡೆದದ್ದು ಮುಂಬಯಿಯ ಸಮುದ್ರದಲ್ಲಿ. ನಾನೂ ಸೇನೆಯ ದಿನಗಳಲ್ಲಿ ಇದರಲ್ಲೇ ಕಲಿತವನು. ಎಂಜಿನಿಯರ್ ದಳದ ನಮ್ಮವರು 'ತೃಷ್ಣಾ' ಎಂಬ ಹಾಯಿ ನೌಕೆಯಲ್ಲಿ 1985ರಿಂದ 1987ರವರೆಗೆ ಭೂಮಿ ಸುತ್ತಿ ಬಂದ ಮೇಲೆ ನಮ್ಮಂಥ ಹುಡುಗರಿಗೆಲ್ಲ ಹಾಯಿಯ ಹುಚ್ಚು ಹಿಡಿದಿತ್ತು.

ಮೊದಲು ಒಂದು ಕೆಲಸ ಮಾಡಿ, ಮಗಳೇ. ನಿಮ್ಮಲ್ಲಿ ಕಾಫಿ ಚೀಲ ತೂಗುವ ತಕ್ಕಡಿ ಇರುತ್ತದೆ. ಕಂಬ, ಹಲಗೆ, ಚುಕ್ಕಾಣಿ ಎಲ್ಲ ತೆಗೆದು ಬರಿಯ ಒಡಲನ್ನು ತೂಗಿ. ಈ ವರ್ಗದ ನಿಯಮದಂತೆ ಒಡಲಿನ ಕನಿಷ್ಠ ತೂಕ 94 ಕಿಲೋ. ಅದಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ನೀರನ್ನೋ ಹಳೆಯ ಬಣ್ಣವನ್ನೋ ದೋಣಿ ಹೊತ್ತುಕೊಂಡಿದೆ ಎಂದರ್ಥ.

ಸೋಮವಾರಪೇಟೆ ಬಡಗಿ | ಜನವರಿ 15

ದೋಣಿ ಕಟ್ಟಿದವನಲ್ಲ ನಾನು. ಮನೆ, ಬಾಗಿಲು, ತೊಟ್ಟಿಲು ಮಾಡಿದವನು. ಆದರೆ ಮರ ಎಲ್ಲಿ ಸಾಯುತ್ತದೆ ಎಂಬುದು ಗೊತ್ತು.

ಕುಂಬು ಹಿಡಿದ ಜಾಗ ಕಣ್ಣಿಗೆ ಕಾಣುವುದಿಲ್ಲ, ಬಣ್ಣದ ಕೆಳಗೆ ಅಡಗಿರುತ್ತದೆ. ಒಂದು ದಬ್ಬಣ ತೆಗೆದುಕೊಂಡು ಗೇಣಿಗೊಂದು ಕಡೆ ಚುಚ್ಚುತ್ತ ಹೋಗಿ. ಗಟ್ಟಿ ಮರ ದಬ್ಬಣವನ್ನು ತಡೆಯುತ್ತದೆ, ಎಳೆದಾಗ ಸಣ್ಣ ಸಿಬಿರು ಏಳುತ್ತದೆ. ಕುಂಬು ಮರ ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಉಳಿಯ ಹಿಡಿಯಿಂದ ತಟ್ಟಿ ನೋಡಿ, ಟಣ್ ಎಂದರೆ ಜೀವ ಇದೆ, ದಪ್ ಎಂದರೆ ಇಲ್ಲ. ಗಾಳಿಯಾಡದ ಮೂಲೆ, ಎರಡು ಮರ ಕೂಡುವ ಸಂದು, ಮರದ ತುದಿಯ ಅಡ್ಡನಾರು, ಮೊಳೆ ಹೊಡೆದ ಸುತ್ತಲಿನ ಜಾಗ, ಇಲ್ಲಿಂದಲೇ ಕುಂಬು ಹೊರಡುವುದು. ಗೆದ್ದಲ ಮಣ್ಣಿನ ಗೆರೆ ಕಂಡರೆ ಅದನ್ನು ಒರೆಸುವ ಮೊದಲು ಎಲ್ಲಿಗೆ ಹೋಗುತ್ತದೆ ಎಂದು ಪೂರ್ತಿ ಹಿಂಬಾಲಿಸಿ.

ಮಂಗಳೂರು ದಕ್ಕೆ | ಜನವರಿ 15

ಬಡಗಿಯವರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮಲ್ಲಿ ಎಲ್ಲರಿಗೂ ಉಪ್ಪುನೀರೇ ದೋಣಿಯ ವೈರಿ ಎಂಬ ನಂಬಿಕೆ. ಕಬ್ಬಿಣಕ್ಕೆ ನಿಜ, ಮರಕ್ಕೆ ಅಲ್ಲ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗದು. ಹಳೆಯ ಮರದ ದೋಣಿಗಳಲ್ಲಿ ಸಮುದ್ರದಲ್ಲಿ ಮುಳುಗಿರುವ ಭಾಗ ಗಟ್ಟಿಯಾಗಿಯೇ ಇದ್ದು, ಮಳೆನೀರು ನಿಲ್ಲುವ ಮೇಲಿನ ಅಟ್ಟ ಮೊದಲು ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮ ಕೊಡಗಿನಲ್ಲಿ ಬೀಳುವುದೆಲ್ಲ ಸಿಹಿನೀರು. ಹಾಗಾಗಿ ಗೋದಾಮಿನ ಸೋರುವ ಹೆಂಚಿನ ಕೆಳಗೆ ದೋಣಿಯ ಯಾವ ಭಾಗ ಇತ್ತು ಎಂಬುದನ್ನು ಮೊದಲು ನೋಡಿ.

ಸುಂಟಿಕೊಪ್ಪದ ಬೆಳೆಗಾರ್ತಿ | ಜನವರಿ 21

ಹೇಳಿದ್ದೆಲ್ಲ ಮಾಡಿದೆ. ತೂಕ 118 ಕಿಲೋ. ದಬ್ಬಣ ಚುಚ್ಚಿದಾಗ ಸಿಕ್ಕಿದ್ದು: ಹಿಂಬದಿಯ ಹಲಗೆಯ ಎಡ ಮೂಲೆ ಪೂರ್ತಿ ಮೆತ್ತಗೆ. ನಡುಹಲಗೆ ಇಳಿಯುವ ಪೆಟ್ಟಿಗೆಯ ಬುಡದಲ್ಲಿ ಒಂದು ಗೇಣು ಉದ್ದ ಕುಂಬು. ಮುಂದಿನ ಅಟ್ಟದ ಕೆಳಗೆ, ಬಲಗಡೆ, ಊಟದ ತಟ್ಟೆಯಷ್ಟು ಜಾಗ. ದಕ್ಕೆಯವರು ಹೇಳಿದ್ದು ಅಕ್ಷರಶಃ ನಿಜ, ಆ ತಟ್ಟೆಯ ನೇರಕ್ಕೆ ಮೇಲೆ ಒಂದು ಹೆಂಚು ಒಡೆದಿದೆ. ಉಳಿದ ಕಡೆ ಮರ ಟಣ್ ಎನ್ನುತ್ತದೆ. ಗೆದ್ದಲು ಇಲ್ಲ. ದೊಡ್ಡಪ್ಪ ದೋಣಿಯನ್ನು ನಾಲ್ಕು ಕಲ್ಲುಕಂಬಗಳ ಮೇಲೆ ಇಟ್ಟು, ಪ್ರತಿ ಕಲ್ಲಿನ ತಲೆಗೂ ತಗಡು ಹೊದಿಸಿದ್ದರು. ಅವರು ಪತ್ತಾಯಕ್ಕೂ ಹೀಗೆಯೇ ಮಾಡುತ್ತಿದ್ದರು.

ಕಾಫಿ ಹೂಮಳೆ | ಜನವರಿ 21

ಅಕ್ಕ, ಮರ ಒಣಗಿದೆಯೇ ಎಂದು ನೋಡಲು ನಿಮ್ಮ ಕಾಫಿಯ ತೇವಾಂಶ ಮೀಟರ್ ಸಾಕಲ್ಲವೇ? ಎಲ್ಲ ತೋಟದಲ್ಲೂ ಇದ್ದೇ ಇರುತ್ತದೆ.

ಸೋಮವಾರಪೇಟೆ ಬಡಗಿ | ಜನವರಿ 22

ಸಾಲದು. ಅದರ ಅಳತೆಯನ್ನು ಕಾಫಿ ಬೀಜಕ್ಕೆ ಹೊಂದಿಸಿರುತ್ತಾರೆ, ಮರಕ್ಕೆ ತೋರಿಸುವ ಅಂಕಿ ಸುಳ್ಳಾಗುತ್ತದೆ. ಮೀಟರೇ ಬೇಡ. ತೆಗೆದು ಹಾಕುವ ಕುಂಬಿನ ಪಕ್ಕದ ಗಟ್ಟಿ ಮರದಿಂದ ಬೆರಳಗಲದ ಚೂರು ಕತ್ತರಿಸಿ, ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ. ಅದನ್ನು ಒಲೆಯ ಬಿಸಿಯಲ್ಲಿ, ನೀರು ಕುದಿಯುವ ಬಿಸಿಗಿಂತ ತುಸು ಮೇಲೆ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗಿ. ಕಳೆದುಹೋದ ತೂಕವನ್ನು ಒಣ ತೂಕದಿಂದ ಭಾಗಿಸಿದರೆ ತೇವಾಂಶ ಸಿಗುತ್ತದೆ. ನೂರಕ್ಕೆ 12ರ ಆಸುಪಾಸು ಬಂದ ಮೇಲೆಯೇ ಅಂಟು.

ಮಂಗಳೂರು ದಕ್ಕೆ | ಜನವರಿ 24

ನನ್ನ ಸಲಹೆ ನೇರವಾಗಿದೆ. ಕುಂಬು ಕತ್ತರಿಸಿ, ಪ್ಲೈ ತುಂಡು ಕೂರಿಸಿ, ಇಡೀ ಒಡಲಿನ ಹೊರಮೈಗೆ ಗಾಜಿನೆಳೆಯ ಫೈಬರ್ ಬಟ್ಟೆ ಹೊದಿಸಿ, ಒಣಗಿ ಗಟ್ಟಿಯಾಗುವ ರೆಸಿನ್ ಎಂಬ ಅಂಟು ಹಾಕಿಬಿಡಿ. ನಾವು ಮೀನುಗಾರಿಕೆ ದೋಣಿಗಳಿಗೆ ಹಾಗೆಯೇ ಮಾಡುವುದು. ಹತ್ತು ವರ್ಷ ಯೋಚನೆ ಇಲ್ಲ.

ನಿವೃತ್ತ ಸ್ಯಾಪರ್ | ಜನವರಿ 24

ದಕ್ಕೆಯವರ ಅನುಭವದ ಮೇಲೆ ನನಗೆ ಗೌರವವಿದೆ, ಆದರೂ ಈ ದೋಣಿಗೆ ಇದು ಬೇಡ. ಮೀನಿನ ದೋಣಿ ಭಾರ ಹೊರಲು ಹುಟ್ಟಿದ್ದು, ಹತ್ತಾರು ಕಿಲೋ ಹೆಚ್ಚಾದರೆ ಅದಕ್ಕೆ ತಿಳಿಯುವುದೂ ಇಲ್ಲ. ಎಂಟರ್‌ಪ್ರೈಸ್ ಹಗುರವಾಗಿದ್ದರೆ ಮಾತ್ರ ಎಂಟರ್‌ಪ್ರೈಸ್. ಅದರ ಎರಡು ಹಾಯಿ ಸೇರಿ ಹತ್ತೂವರೆ ಚದರ ಮೀಟರ್ ಅಷ್ಟೇ. ಇನ್ನೊಂದು ಮಾತು: ಹೊರಗೆ ಫೈಬರ್ ಹೊದಿಸಿದರೆ ಒಳಗಿನಿಂದ ಹೊಕ್ಕ ನೀರು ಹೊರಗೆ ಹೋಗುವ ದಾರಿ ಮುಚ್ಚುತ್ತದೆ. ಮೇಲೆ ಹೊಳೆಯುತ್ತಿರುತ್ತದೆ, ಅಡಿಯಲ್ಲಿ ಪ್ಲೈ ಪುಡಿಯಾಗುತ್ತಿರುತ್ತದೆ. ನಾನು ಅಂಥ ದೋಣಿಯೊಂದನ್ನು ಕೈಯಾರೆ ಬಿಚ್ಚಿದ್ದೇನೆ. ಫೈಬರ್ ಹಾಳೆಯಂತೆ ಎದ್ದು ಬಂತು, ಒಳಗಿದ್ದದ್ದು ಗೊಬ್ಬರ.

ಮಂಗಳೂರು ದಕ್ಕೆ | ಜನವರಿ 25

ಎದ್ದು ಬಂದದ್ದು ಪಾಲಿಯೆಸ್ಟರ್ ರೆಸಿನ್ ಆಗಿರಬೇಕು. ಹಳೆಯ ಮರಕ್ಕೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ, ಒಪ್ಪುತ್ತೇನೆ. ಎಪಾಕ್ಸಿ ರೆಸಿನ್ ಹಾಗಲ್ಲ. ತೂಕದ ಮಾತನ್ನೂ ಒಪ್ಪುತ್ತೇನೆ. ಹಾಗಾದರೆ ಮಧ್ಯದ ದಾರಿ: ಪಕ್ಕೆ ಬಾಗುವ ಮೂಲೆಗಳ ಉದ್ದಕ್ಕೂ, ಅಡಿಯ ನಡುಗೆರೆಗೂ ಅಂಗೈ ಅಗಲದ ಫೈಬರ್ ಪಟ್ಟಿ, ಎಪಾಕ್ಸಿಯಲ್ಲಿ. ದಡಕ್ಕೆ ಎಳೆಯುವಾಗ ಸವೆಯುವುದು ಅಲ್ಲೇ. ಉಳಿದ ಮೈಗೆ ಒಳಗೂ ಹೊರಗೂ ಎಪಾಕ್ಸಿಯ ತೆಳು ಲೇಪ, ಅದರ ಮೇಲೆ ಬಣ್ಣ. ಬಿಸಿಲಿಗೆ ಎಪಾಕ್ಸಿ ತಾಳದು, ಬಣ್ಣ ಬೇಕೇ ಬೇಕು.

ನಿವೃತ್ತ ಸ್ಯಾಪರ್ | ಜನವರಿ 25

ಇದಕ್ಕೆ ನನ್ನ ಪೂರ್ಣ ಒಪ್ಪಿಗೆ.

ಸೋಮವಾರಪೇಟೆ ಬಡಗಿ | ಜನವರಿ 26

ಪ್ಲೈ ತರುವಾಗ ಮೇಲೆ ಐಎಸ್ 710 ಎಂಬ ಮುದ್ರೆ ಇದೆಯೇ ನೋಡಿ. ಅದು ಮೆರೈನ್ ಪ್ಲೈ, 72 ಗಂಟೆ ಕುದಿಸಿದರೂ ಪದರ ಬಿಡಬಾರದು ಎಂಬ ಮಾನದಂಡ. 303 ಎಂದಿದ್ದರೆ ಅಡುಗೆಮನೆಯ ಕಪಾಟಿಗೆ ಇರಲಿ. ಅಂಗಡಿಯವರ ಮಾತು ಸಾಕಾಗದಿದ್ದರೆ ಒಂದು ಚೂರನ್ನು ಮನೆಯಲ್ಲೇ ಕುದಿಸಿ ನೋಡಬಹುದು.

ತುಂಡು ಕೂರಿಸುವಾಗ ಅಂಚಿಗೆ ಅಂಚು ತಾಗಿಸಬೇಡಿ. ಎರಡೂ ಅಂಚನ್ನು ಇಳಿಜಾರಾಗಿ ಕೀಸಿ ಒಂದರ ಮೇಲೊಂದು ಕೂರಿಸಬೇಕು. ದಪ್ಪದ ಎಂಟು ಪಾಲು ಇಳಿಜಾರು ಬರಲಿ, ಅಂದರೆ ನಿಮ್ಮ 6 ಮಿಲಿಮೀಟರ್ ಪ್ಲೈಗೆ 48 ಮಿಲಿಮೀಟರ್. ಪ್ಲೈಯ ಪದರಗಳೇ ಅಳತೆಗೋಲು: ಕೀಸುತ್ತ ಹೋದಂತೆ ಪದರದ ಗೆರೆಗಳು ನೇರವಾಗಿ, ಸಮ ಅಂತರದಲ್ಲಿ ಕಾಣಬೇಕು. ಗೆರೆ ಅಂಕುಡೊಂಕಾದರೆ ಇಳಿಜಾರು ತಪ್ಪಿದೆ ಎಂದು ತಿಳಿಯಿರಿ.

ಹಿಂಬದಿ ಮೂಲೆಗೆ ಗಟ್ಟಿ ಮರ ಬೇಕು. ತೋಟದ ಸಿಲ್ವರ್ ಓಕ್ ಬಳಸುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ, ತೇವದಲ್ಲಿ ಅದು ಬಾಳುವುದಿಲ್ಲ. ಹೆಬ್ಬಲಸು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಮಲಬಾರಿನವರು ಅದನ್ನು ಆಂಜಿಲಿ ಎನ್ನುತ್ತಾರೆ, ದೋಣಿಗೆಂದೇ ಹೆಸರಾದ ಮರ. ಹೊಸದಾಗಿ ಮರ ಕಡಿಸುವ ಮಾತು ಬೇಡ, ಬಿಚ್ಚಿದ ಹಳೆಯ ಮನೆಯ ತೊಲೆ ಹುಡುಕಿ. ಅರವತ್ತು ವರ್ಷ ಅಟ್ಟದ ಹೊಗೆಯಲ್ಲಿ ಒಣಗಿದ ತೊಲೆ ಇನ್ನು ಸೊಟ್ಟಗಾಗುವುದಿಲ್ಲ. ತೇಗವಾದರೆ ಅಂಟು ಹಚ್ಚುವ ಮೊದಲು ಅಸಿಟೋನ್‌ನಲ್ಲಿ ಒರೆಸಿ. ಅದರ ಎಣ್ಣೆ ಅಂಟನ್ನು ಹಿಡಿಯಗೊಡದು.

ಸುಂಟಿಕೊಪ್ಪದ ಬೆಳೆಗಾರ್ತಿ | ಮಾರ್ಚ್ 9

ತಡವಾಯಿತು, ಕ್ಷಮಿಸಿ. ಕೊಯ್ಲು ಮುಗಿಯುವ ತನಕ ಕೈ ಬಿಡುವಾಗಲಿಲ್ಲ. ದೋಣಿಯನ್ನು ಕಣದ ಪಕ್ಕದ ಕೊಟ್ಟಿಗೆಯಲ್ಲಿ, ನೆರಳಲ್ಲಿ, ಎರಡು ಕಡೆಯಿಂದ ಗಾಳಿ ಬರುವಂತೆ ಇಟ್ಟಿದ್ದೆ. ಹಳೆಯ ಬಣ್ಣ ಕೆರೆದು, ಆರು ವಾರ ಒಣಗಿದ ಮೇಲೆ ತೂಕ 99 ಕಿಲೋ. ಮೊದಲ ಚೂರು ನೂರಕ್ಕೆ 19 ತೋರಿಸಿತ್ತು, ಮೊನ್ನೆಯದು 12.

ಇಳಿಜಾರು ಬೆಸುಗೆಗೆ ನಾಲ್ಕು ಸಲ ಬೇರೆ ಪ್ಲೈ ಚೂರಿನ ಮೇಲೆ ಕೈ ಪಳಗಿಸಿಕೊಂಡು ಆಮೇಲೆ ದೋಣಿಗೆ ಉಳಿ ಹಚ್ಚಿದೆ. ಪದರದ ಗೆರೆ ನೋಡಿಕೊಂಡು ಕೀಸುವ ಉಪಾಯ ನನ್ನಂಥವಳಿಗೂ ದಕ್ಕಿತು. ಬಡಗಿಯವರೇ, ನಿಮ್ಮ ಕೈಗೆ ನಮಸ್ಕಾರ.

ಎಪಾಕ್ಸಿಯಲ್ಲಿ ಎರಡು ಪಾಠ ಕಲಿತೆ. ಒಂದೇ ಡಬ್ಬಿಯಲ್ಲಿ ಅರ್ಧ ಕಿಲೋ ಕಲಸಿಟ್ಟೆ, ಹತ್ತು ನಿಮಿಷದಲ್ಲಿ ಡಬ್ಬಿ ಮುಟ್ಟಲಾಗದಷ್ಟು ಕಾದು ಹೊಗೆ ಬಂತು, ಒಳಗಿನದೆಲ್ಲ ಕಲ್ಲಾಯಿತು. ಈಗ ನೂರು ಗ್ರಾಮಿನಂತೆ ಕಲಸಿ ಅಗಲವಾದ ತಟ್ಟೆಗೆ ಸುರಿದುಕೊಳ್ಳುತ್ತೇನೆ. ಇನ್ನೊಂದು: ಹೂಮಳೆ ಬಿದ್ದ ಮರುದಿನ ಹಾಕಿದ ಲೇಪದ ಮೇಲೆ ಬೆಳಿಗ್ಗೆ ಜಿಡ್ಡಿನಂಥ ಪೊರೆ ಬಂದಿದೆ. ಹಾಳಾಯಿತೇ?

ಮಂಗಳೂರು ದಕ್ಕೆ | ಮಾರ್ಚ್ 9

ಹಾಳಾಗಿಲ್ಲ ಅಕ್ಕ. ರೆಸಿನ್ ಗಟ್ಟಿಯಾಗಲು ಕಲಸುವ ಹಾರ್ಡ್ನರ್ ಗಾಳಿಯ ತೇವಕ್ಕೆ ಹಾಗೆ ಬೆವರುತ್ತದೆ. ಥಿನ್ನರ್ ಹಾಕಿದರೆ ಪೊರೆ ಹರಡುತ್ತದೆ ಅಷ್ಟೇ. ಬರಿಯ ನೀರು ಮತ್ತು ಪಾತ್ರೆ ತಿಕ್ಕುವ ನಾರಿನಿಂದ ತೊಳೆಯಿರಿ, ಒಣಗಿಸಿ, ಮರಳು ಕಾಗದ ಉಜ್ಜಿ, ಆಮೇಲೆ ಮುಂದಿನ ಲೇಪ. ಪೊರೆಯ ಮೇಲೆಯೇ ಬಣ್ಣ ಹೊಡೆದರೆ ಮಾತ್ರ ಸಿಪ್ಪೆಯಂತೆ ಏಳುತ್ತದೆ. ರೆಸಿನ್ ಮತ್ತು ಹಾರ್ಡ್ನರನ್ನು ಕಣ್ಣಳತೆಯಲ್ಲಿ ಅಲ್ಲ, ತಕ್ಕಡಿಯಲ್ಲೇ ತೂಗಿ. ಕೈಗವಸು ಮರೆಯಬೇಡಿ, ಚರ್ಮಕ್ಕೆ ಒಮ್ಮೆ ಒಗ್ಗದಾದರೆ ಜೀವನಪೂರ್ತಿ ಒಗ್ಗುವುದಿಲ್ಲ. ಏನೇ ಇದ್ದರೂ ಮೇ ಕೊನೆಯೊಳಗೆ ಮುಗಿಸಿ. ಮುಂಗಾರು ಹಿಡಿದ ಮೇಲೆ ಕೊಡಗಿನಲ್ಲಿ ಈ ಕೆಲಸ ಆಗದು.

ಕುಶಾಲನಗರ ಟಾರ್ಪಾಲು | ಮಾರ್ಚ್ 12

ನಮ್ಮದು ಜೀಪಿನ ಹುಡ್, ಲಾರಿ ಟಾರ್ಪಾಲು ಹೊಲಿಯುವ ಕುಟುಂಬ. ಹಾಯಿಯ ಬಗ್ಗೆ ಯಾರೂ ಬರೆದಿಲ್ಲ ಎಂದು ಬರೆಯುತ್ತಿದ್ದೇನೆ. ಮೇಡಂ, ಇಲಿ ಕಡಿದದ್ದನ್ನು ಬಿಟ್ಟರೆ ಬಟ್ಟೆ ಹೇಗಿದೆ?

ಸುಂಟಿಕೊಪ್ಪದ ಬೆಳೆಗಾರ್ತಿ | ಮಾರ್ಚ್ 12

ಬಟ್ಟೆ ಗರಿಗರಿಯಾಗಿಲ್ಲ, ಆದರೆ ಹೆಬ್ಬೆರಳಿನಿಂದ ಒತ್ತಿದರೆ ಹರಿಯುವುದಿಲ್ಲ. ದಾರ ಮಾತ್ರ ಉಗುರು ತಾಗಿಸಿದರೆ ಪುಡಿಯಾಗುತ್ತದೆ. ಬೂಷ್ಟಿನ ಕಪ್ಪು ಕಲೆಗಳಿವೆ. ಇಲಿ ಮಾಡಿದ ತೂತು ಮೂರು.

ಕುಶಾಲನಗರ ಟಾರ್ಪಾಲು | ಮಾರ್ಚ್ 13

ಹಾಗಾದರೆ ಹಾಯಿ ಉಳಿಯುತ್ತದೆ. ಇದು ಪಾಲಿಯೆಸ್ಟರ್ ಬಟ್ಟೆ. ಬಿಸಿಲಿಗೆ ಯಾವಾಗಲೂ ದಾರವೇ ಮೊದಲು ಸಾಯುವುದು, ಏಕೆಂದರೆ ಅದು ಬಟ್ಟೆಯ ಮೇಲೆ ಎದ್ದು ನಿಂತಿರುತ್ತದೆ. ಬೂಷ್ಟಿನ ಕಲೆ ಅಂದಗೆಡಿಸುತ್ತದೆಯೇ ಹೊರತು ಬಟ್ಟೆಯ ಬಲ ಕುಗ್ಗಿಸುವುದಿಲ್ಲ. ಉಗುರುಬೆಚ್ಚನೆ ನೀರು, ಸೌಮ್ಯ ಸಾಬೂನು, ಮೆತ್ತನೆ ಬ್ರಷ್ ಸಾಕು. ವಾಷಿಂಗ್ ಮೆಷಿನ್ ಬೇಡ, ಇಸ್ತ್ರಿ ಅಂತೂ ಬೇಡವೇ ಬೇಡ, ನೆರಳಲ್ಲಿ ಒಣಗಿಸಿ.

ಹೊಲಿಗೆ ಹಳೆಯ ತೂತುಗಳಲ್ಲೇ ಹೋಗಬೇಕು. ಪಕ್ಕದಲ್ಲಿ ಹೊಸ ಸಾಲು ಹೊಲಿದರೆ ಅಂಚೆಚೀಟಿಯ ಹಾಗೆ ಸಾಲಾಗಿ ಹರಿಯುತ್ತದೆ. ಹಾವಿನ ನಡೆಯ ಹೊಲಿಗೆ, ಬಿಸಿಲು ತಡೆಯುವ ಪಾಲಿಯೆಸ್ಟರ್ ದಾರ. ಹತ್ತಿಯ ದಾರ ಬಳಸುವವರಿಗೆ ಹಾಯಿ ಕೊಡಬೇಡಿ. ತೂತಿಗೆ ಎರಡೂ ಕಡೆ ಹಾಯಿ ಬಟ್ಟೆಯದೇ ತೇಪೆ, ಮೂಲೆ ದುಂಡಗೆ ಕತ್ತರಿಸಿದ್ದು. ನೀವು ಹಾಯಿಯನ್ನು ಅಂಗಡಿಗೆ ತಂದರೆ ನಾನೇ ಹೊಲಿದು ಕೊಡುತ್ತೇನೆ. ಒಂದೇ ಷರತ್ತು, ನೀರಿಗಿಳಿಸುವ ದಿನ ನನ್ನನ್ನು ಕರೆಯಬೇಕು.

ಸುಂಟಿಕೊಪ್ಪದ ಬೆಳೆಗಾರ್ತಿ | ಏಪ್ರಿಲ್ 4

ಹಾಯಿ ಬಂದಿದೆ. ಹೊಲಿಗೆ ನೋಡಿ ದೊಡ್ಡಮ್ಮ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಮುಂದಿನ ಸಣ್ಣ ಹಾಯಿಯ ಕೆಳಮೂಲೆಯಲ್ಲಿ ಒಂದು ಹಳೆಯ ತೇಪೆ ಇತ್ತಲ್ಲ, ಅದನ್ನು ಬಿಚ್ಚದೆ ಉಳಿಸಿದ್ದಕ್ಕೆ ಟಾರ್ಪಾಲಿನವರಿಗೆ ಅವರ ಧನ್ಯವಾದ ತಿಳಿಸಲು ಹೇಳಿದ್ದಾರೆ. ಅದು ಅವರು ಕೈಯಲ್ಲಿ ಹೊಲಿದದ್ದಂತೆ.

ನನಗೆ ಇದುವರೆಗೆ ಗೊತ್ತಿರಲಿಲ್ಲ. ದೊಡ್ಡಪ್ಪನ ದೋಣಿಯಲ್ಲಿ ಎರಡನೆಯ ಆಸನ ದೊಡ್ಡಮ್ಮನದಾಗಿತ್ತು. ಮುಂದಿನ ಹಾಯಿಯನ್ನು ಎಳೆದು ಬಿಡುತ್ತಿದ್ದವರು, ಗಾಳಿ ಜೋರಾದಾಗ ಅಂಚಿನಿಂದ ಹೊರಗೆ ವಾಲಿ ದೋಣಿ ಸಮ ಮಾಡುತ್ತಿದ್ದವರು ಅವರೇ. ಈಗ 78 ವರ್ಷ. ಬುಟ್ಟಿಯ ಹಗ್ಗಗಳನ್ನು ಮುಂದಿಟ್ಟೆ. ಕನ್ನಡಕ ಹಾಕಿಕೊಳ್ಳಲೂ ಇಲ್ಲ. ಒಂದೊಂದರ ತುದಿಯನ್ನು ಬೆರಳಲ್ಲಿ ಸವರಿ, "ಇದು ದೊಡ್ಡ ಹಾಯಿ ಏರಿಸುವುದು, ಇದು ಸಣ್ಣದರದು, ಇದು ಬೂಮ್, ದೊಡ್ಡ ಹಾಯಿಯ ಕೆಳಗಿನ ಅಡ್ಡಕೋಲು, ಮೇಲೇಳದಂತೆ ಕೆಳಗೆ ಎಳೆಯುವುದು" ಎಂದು ಬೇರೆ ಬೇರೆ ಇಟ್ಟರು. ಎರಡು ತಿಂಗಳಿಂದ ನನ್ನನ್ನು ಕಾಡಿದ ಬುಟ್ಟಿ ಹದಿನೈದು ನಿಮಿಷದಲ್ಲಿ ಬರಿದಾಯಿತು. ಬೋಲೈನ್ ಗಂಟನ್ನು ಒಂದೇ ಕೈಯಲ್ಲಿ ಹಾಕಿ ತೋರಿಸಿದರು. ನನಗೆ ಇನ್ನೂ ಬಂದಿಲ್ಲ.

ನಿವೃತ್ತ ಸ್ಯಾಪರ್ | ಏಪ್ರಿಲ್ 4

ದೊಡ್ಡಮ್ಮನವರಿಗೆ ನನ್ನ ಸೆಲ್ಯೂಟ್ ತಿಳಿಸಿ. ಇನ್ನು ಈ ಚರ್ಚೆಯಲ್ಲಿ ಹಗ್ಗದ ವಿಷಯಕ್ಕೆ ಅವರೇ ಹಿರಿಯರು.

ನಾನು ಸಾಮಾನಿನ ಬಗ್ಗೆ ಮಾತ್ರ ಹೇಳುತ್ತೇನೆ. ಹಳೆಯ ಹಗ್ಗಗಳನ್ನು ಅಳತೆಗೆ ಇಟ್ಟುಕೊಂಡು ಎಲ್ಲವನ್ನೂ ಹೊಸದು ಮಾಡಿ. ಹಾರ್ಡ್‌ವೇರ್ ಅಂಗಡಿಯ ನೀಲಿ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಸಿಬಿರಾಗುತ್ತದೆ. ನೈಲಾನ್ ಹಿಗ್ಗುತ್ತದೆ, ಆದ್ದರಿಂದ ಲಂಗರಿಗೆ ಒಳ್ಳೆಯದು, ಹಾಯಿ ಏರಿಸಲು ಅಲ್ಲ. ಅದಕ್ಕೆ ಹೆಣೆದ ಪಾಲಿಯೆಸ್ಟರ್ ಬೇಕು. ಕಂಬವನ್ನು ಹಿಡಿಯುವ ಮೂರು ತಂತಿಗಳನ್ನು ತುಕ್ಕು ಉಜ್ಜಿ ಮತ್ತೆ ಬಳಸುವ ಯೋಚನೆಯೇ ಬೇಡ. ಹತ್ತೊಂಬತ್ತು ಎಳೆಯ ಸ್ಟೇನ್‌ಲೆಸ್ ತಂತಿ, 3 ಮಿಲಿಮೀಟರಿನದು, ತುದಿಗಳನ್ನು ಯಂತ್ರದಲ್ಲಿ ಒತ್ತಿಸಿದ್ದು. ಸಮುದ್ರಕ್ಕಾದರೆ 316 ದರ್ಜೆಯೇ ಬೇಕು ಎನ್ನುತ್ತಿದ್ದೆ, ಸಿಹಿನೀರಿಗೆ 304 ನಡೆಯುತ್ತದೆ.

ಚುಕ್ಕಾಣಿಯ ಕೊಂಡಿಗೆ ಒಂದು ಸಣ್ಣ ಚಿಮ್ಮು ಪಟ್ಟಿ ಹಾಕಿಸಿ. ಅದಿಲ್ಲದಿದ್ದರೆ ದೋಣಿ ಮಗುಚಿದಾಗ ಚುಕ್ಕಾಣಿ ತಾನಾಗಿ ಕಳಚಿ ಮುಳುಗುತ್ತದೆ. ಹೊರಗೆ ವಾಲುವಾಗ ಕಾಲು ಸಿಕ್ಕಿಸುವ ಪಟ್ಟಿಗಳ ಹೊಲಿಗೆಯನ್ನೂ ಜಗ್ಗಿ ನೋಡಿ.

ಸೋಮವಾರಪೇಟೆ ಬಡಗಿ | ಏಪ್ರಿಲ್ 6

ಕಂಬದ ಬಿಟ್ಟ ಅಂಟಿನ ಗೆರೆಗೆ ಗರಗಸದ ತೆಳು ಅಲಗು ಹಾಯಿಸಿ ಹಳೆಯ ಅಂಟು ತೆಗೆಯಿರಿ, ಎಪಾಕ್ಸಿ ತುಂಬಿ, ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಿ. ಕ್ಲಾಂಪಿಗಿಂತ ಸಮನಾಗಿ ಒತ್ತುತ್ತದೆ. ಒಣಗುವಾಗ ಕಂಬವನ್ನು ನೂಲು ಹಿಡಿದು ನೇರಕ್ಕೆ ಮಲಗಿಸಿರಬೇಕು.

ಕಂಬದ ಮಾತು ಬಂದದ್ದಕ್ಕೆ ಒಂದು ವಿಷಯ. ನಾವು ಕೊಡಗಿನವರು ಕಡಲಿಗೂ ನಮಗೂ ಸಂಬಂಧವಿಲ್ಲ ಎಂದುಕೊಂಡಿದ್ದೇವೆ. ಆದರೆ ಹಾಯಿ ಹಡಗುಗಳ ಕಾಲದಲ್ಲಿ ಘಟ್ಟದ ಈ ಮಳೆಕಾಡುಗಳಿಂದಲೇ ಕೂವೆಮರಗಳು ಇಳಿದು ಹೋಗುತ್ತಿದ್ದವು. ಸುರಹೊನ್ನೆಯ ಬಳಗದ, ಗೆಣ್ಣಿಲ್ಲದೆ ನೆಟ್ಟಗೆ ಬೆಳೆಯುವ ಆ ಮರಕ್ಕೆ ವ್ಯಾಪಾರದಲ್ಲಿ ಪೂನ್ ಸ್ಪಾರ್ ಎಂದು ಹೆಸರು. ಕೊಡಗಿನ ಮರ ಕಂಬವಾಗಿ ಸಮುದ್ರ ನೋಡಿದೆ. ನಿಮ್ಮ ದೊಡ್ಡಪ್ಪನವರು ಸಮುದ್ರದ ವಿದ್ಯೆಯನ್ನು ಇಲ್ಲಿಗೆ ತಂದರು.

ಸುಂಟಿಕೊಪ್ಪದ ಬೆಳೆಗಾರ್ತಿ | ಮೇ 18

ನಿನ್ನೆ ತೋಟದ ಕೆರೆಯಲ್ಲಿ ತೇಲಿಸಿದೆವು. ಹಾಯಿ ಇಲ್ಲ, ಬರಿಯ ಒಡಲು. ಒಂದು ಗಂಟೆಯಲ್ಲಿ ನಡುಪೆಟ್ಟಿಗೆಯ ಬುಡದಿಂದ ಒಂದು ಚೊಂಬು ನೀರು ಬಂತು. ಬೆಸುಗೆಗಳಿಂದ ಹನಿಯೂ ಇಲ್ಲ. ಮಗುಚಿದರೂ ದೋಣಿ ಮುಳುಗದಂತೆ ಕಾಯುವ ತೇಲುಪೆಟ್ಟಿಗೆಗಳ ಒಳಗೆ ಥರ್ಮೋಕೋಲ್ ತುಂಬಿ ಮುಚ್ಚಿಬಿಡಲೇ?

ಮಂಗಳೂರು ದಕ್ಕೆ | ಮೇ 18

ನಡುಪೆಟ್ಟಿಗೆ ಸೋರದ ಹಳೆಯ ದೋಣಿಯನ್ನು ನಾನು ನೋಡಿಲ್ಲ. ಒಣಗಿಸಿ, ಒಳಮೂಲೆಗೆ ಎಪಾಕ್ಸಿಯಲ್ಲಿ ಮರದ ಹುಡಿ ಕಲಸಿ ಬೆರಳಿನಿಂದ ದುಂಡಗೆ ತೀಡಿ, ಮೇಲೆ ಫೈಬರ್ ಪಟ್ಟಿ ಹಾಕಿ.

ಥರ್ಮೋಕೋಲ್ ತುಂಬಿ ಮುಚ್ಚಬೇಡಿ. ಅದು ನೀರು ಹಿಡಿದಿಟ್ಟುಕೊಂಡು ಪಕ್ಕದ ಪ್ಲೈಯನ್ನು ಕೊಳೆಸುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಪಾಲಿಯೆಸ್ಟರ್ ರೆಸಿನ್ ಅದರ ಮೇಲೆ ಬಿದ್ದರೆ ಥರ್ಮೋಕೋಲ್ ಕರಗಿಯೇ ಹೋಗುತ್ತದೆ. ಪೆಟ್ಟಿಗೆಗೆ ತಿರುಗಿಸಿ ತೆಗೆಯುವ ಮುಚ್ಚಳ ಹಾಕಿಸಿ, ದೋಣಿ ದಡದಲ್ಲಿರುವಾಗಲೆಲ್ಲ ತೆರೆದಿಡಿ. ಕುಂಬಿಗೆ ಗಾಳಿಯೇ ಮದ್ದು. ಆಮೇಲೆ ಕೆರೆಯಲ್ಲೇ ಬೇಕೆಂದು ಮಗುಚಿ ನೋಡಿ. ಮಗುಚಿದ ದೋಣಿ ಎತ್ತರದಲ್ಲಿ, ಎರಡೂ ಕಡೆ ಸಮನಾಗಿ ತೇಲಬೇಕು.

ಹಾರಂಗಿ ದಂಡೆ | ಮೇ 20

ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ಹಾರಂಗಿ ಹಿನ್ನೀರಿಗೆ ತರುವ ಯೋಚನೆ ಇದ್ದರೆ ಎರಡು ಮಾತು. ಲಿಖಿತ ಅನುಮತಿ ಇಲ್ಲದೆ ಜಲಾಶಯಕ್ಕೆ ಯಾವ ದೋಣಿಯನ್ನೂ ಇಳಿಸಬೇಡಿ, ಗೇಟುಗಳ ಕಡೆಗಂತೂ ಸುಳಿಯಲೇಬಾರದು. ಇನ್ನೊಂದು, ನೀರಿನ ಕೆಳಗೆ ಮುಳುಗಿದ ಮರದ ಬೊಡ್ಡೆಗಳಿವೆ. ಜಲಾಶಯದ ಪೂರ್ಣ ಮಟ್ಟ 2859 ಅಡಿ, ತುಂಬಿದಾಗ ಒಂದೂ ಕಾಣುವುದಿಲ್ಲ. ಈಗ ಬೇಸಿಗೆಯಲ್ಲಿ ನೀರು ಇಳಿದಿರುವಾಗ ದಂಡೆಯುದ್ದಕ್ಕೂ ನಡೆದು ಮೊಬೈಲ್ ನಕ್ಷೆಯಲ್ಲಿ ಒಂದೊಂದನ್ನೂ ಗುರುತು ಮಾಡಿಕೊಳ್ಳಬೇಕು. ನಾನು ಮೀನಿಗೆ ಬಲೆ ಹಾಕುವವರ ಜೊತೆ ಓಡಾಡಿ ಕೆಲವನ್ನು ಗುರುತಿಸಿದ್ದೇನೆ. ಆ ಬಲೆಗಳ ಮೇಲೂ ದೋಣಿ ಹಾಯಿಸಬಾರದು, ಅದು ಅವರ ಅನ್ನ.

ಮೈಸೂರು ಹಿನ್ನೀರು | ಮೇ 21

ಮೊದಲ ಸಲಕ್ಕೆ ಕೃಷ್ಣರಾಜಸಾಗರದ ಹಿನ್ನೀರಿಗೆ ಬನ್ನಿ. ಅಲ್ಲಿ ಹಾಯಿದೋಣಿ ಓಡಿಸುವವರಿದ್ದಾರೆ, ಅಪಾಯವಾದರೆ ಬಳಿಗೆ ಬರುವ ಎಂಜಿನ್ ದೋಣಿ ಇರುತ್ತದೆ. ಬಯಲು ನೀರು, ಗಾಳಿ ಒಂದೇ ದಿಕ್ಕಿನಿಂದ ಬರುತ್ತದೆ. ಕೊಡಗಿನ ಗುಡ್ಡಗಳ ನಡುವೆ ಗಾಳಿ ಗಳಿಗೆಗೊಂದು ಕಡೆ ತಿರುಗುತ್ತದೆ, ಕಲಿಯುವವರನ್ನು ಕಂಗೆಡಿಸುತ್ತದೆ.

ಆದರೆ ಜೂನ್‌ನಿಂದ ಆಗಸ್ಟ್ ತನಕ ಬೇಡ. ನೈಋತ್ಯ ಮಾರುತದ ಗಾಳಿ ಪಳಗಿದವರಿಗೆ ಹಬ್ಬ, ಹೊಸಬರಿಗೆ ಅಲ್ಲ. ನಿಮ್ಮ ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಮುಗಿಸಿಕೊಂಡು, ಗಾಳಿ ತಗ್ಗಿದ ಮೇಲೆ ಬನ್ನಿ. ಎಲ್ಲರಿಗೂ ಲೈಫ್ ಜಾಕೆಟ್, ಈಜು ಬಂದರೂ ಸರಿಯೇ. ಕಂಬದ ತುದಿಗೆ ಎರಡು ಲೀಟರಿನ ಖಾಲಿ ಬಾಟಲಿ ಬಿಗಿಯಾಗಿ ಕಟ್ಟಿ. ಮಗುಚಿದಾಗ ಕಂಬ ಕೆಳಮುಖವಾಗಿ ಕೆಸರಿಗೆ ಹೂತುಕೊಳ್ಳುವುದನ್ನು ಅದು ತಡೆಯುತ್ತದೆ.

ಸುಂಟಿಕೊಪ್ಪದ ಬೆಳೆಗಾರ್ತಿ | ಅಕ್ಟೋಬರ್ 5

ಮಳೆಗಾಲ ಪೂರ್ತಿ ದೋಣಿ ಕಲ್ಲುಕಂಬಗಳ ಮೇಲೆ, ತಗಡಿನ ಸಮೇತ, ಮುಚ್ಚಳ ತೆರೆದು ಮಲಗಿತ್ತು. ಗೋದಾಮಿನ ಹೆಂಚನ್ನು ಮೊದಲೇ ಬದಲಿಸಿದ್ದೆ. ಸೆಪ್ಟೆಂಬರಿನಲ್ಲಿ ಮತ್ತೆ ದಬ್ಬಣ ಚುಚ್ಚಿದೆ, ಎಲ್ಲ ಕಡೆ ಟಣ್.

ಮೊನ್ನೆ ಭಾನುವಾರ ಪಿಕಪ್‌ನಲ್ಲಿ ಮಗುಚಿ ಕಟ್ಟಿ, ಹಿಂದೆ ಚಾಚಿದ ಭಾಗಕ್ಕೆ ಕೆಂಪು ಬಟ್ಟೆ ಕಟ್ಟಿ ಹೊರಟೆವು. ಟಾರ್ಪಾಲಿನವರು ಕುಶಾಲನಗರದಲ್ಲಿ ಹತ್ತಿಕೊಂಡರು. ಬಡಗಿಯವರು ಸೋಮವಾರಪೇಟೆಯಿಂದ ಬಸ್ಸಿನಲ್ಲಿ ಬಂದು ಸೇರಿದರು. ದೊಡ್ಡಮ್ಮ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಹಗ್ಗದ ಚೀಲ.

ಮೈಸೂರಿನವರು ಚುಕ್ಕಾಣಿ ಹಿಡಿದರು, ನಾನು ಎದುರಿಗೆ ಕುಳಿತೆ. ಹಾಯಿ ಏರಿದ ಕೂಡಲೇ ಗಾಳಿ ತುಂಬಿ ದೋಣಿ ಒಮ್ಮೆ ವಾಲಿತು, ನನ್ನ ಉಸಿರು ನಿಂತಿತು. ಆಮೇಲೆ ಅಡಿಯಲ್ಲಿ ನೀರಿನ ಸಣ್ಣ ಸದ್ದು ಹುಟ್ಟಿತು, ಅಕ್ಕಿ ತೊಳೆಯುವಾಗಿನ ಸದ್ದಿನ ಹಾಗೆ. ಒಳಗೆ ಒಂದು ಹನಿ ನೀರಿಲ್ಲ. ಎರಡನೆಯ ಸುತ್ತಿಗೆ ದೊಡ್ಡಮ್ಮ ತಾವೇ ಲೈಫ್ ಜಾಕೆಟ್ ಹಾಕಿಕೊಂಡು ನಿಂತಿದ್ದರು. ಯಾರೂ ಬೇಡ ಎನ್ನಲಿಲ್ಲ. ಸಣ್ಣ ಹಾಯಿಯ ಹಗ್ಗ ಅವರ ಕೈಗೆ ಬಂತು. ದೋಣಿ ತಿರುಗುವಾಗ ಹಾಯಿಯನ್ನು ಯಾವಾಗ ಬಿಡಬೇಕು, ಯಾವಾಗ ಎಳೆಯಬೇಕು ಎಂದು ಚುಕ್ಕಾಣಿಯವರು ಹೇಳುವ ಮೊದಲೇ ಅವರ ಕೈ ಹೇಳುತ್ತಿತ್ತು.

ಒಂದೇ ತೊಂದರೆ. ಕೈ ಬಿಟ್ಟರೆ ದೋಣಿ ತಾನಾಗಿ ಗಾಳಿಯ ಕಡೆಗೆ ಜೋರಾಗಿ ತಿರುಗುತ್ತದೆ, ಚುಕ್ಕಾಣಿ ಕೈಯನ್ನು ಎಳೆಯುತ್ತದೆ.

ನಿವೃತ್ತ ಸ್ಯಾಪರ್ | ಅಕ್ಟೋಬರ್ 5

ಸ್ವಲ್ಪ ತಿರುಗುವುದು ಒಳ್ಳೆಯದೇ, ಕೈ ತಪ್ಪಿದರೆ ದೋಣಿ ತಾನೇ ನಿಲ್ಲುತ್ತದೆ. ಜೋರಾಗಿದ್ದರೆ ಕಂಬ ಹಿಂದಕ್ಕೆ ಹೆಚ್ಚು ವಾಲಿದೆ. ಮುಂದಿನ ತಂತಿಯನ್ನು ಒಂದು ತೂತು ಬಿಗಿಗೊಳಿಸಿ, ಪಕ್ಕದ ಎರಡನ್ನೂ ಅಷ್ಟೇ ಸಡಿಲಿಸಿ. ನಡುಹಲಗೆ ಪೂರ್ತಿ ಕೆಳಗಿದ್ದರೆ ತುಸು ಹಿಂದಕ್ಕೆ ಎತ್ತಿಯೂ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯದು.

ದೊಡ್ಡಮ್ಮನವರಿಗೆ ಹೊಸ ಹಗ್ಗ ಹೇಗನಿಸಿತು?

ಸುಂಟಿಕೊಪ್ಪದ ಬೆಳೆಗಾರ್ತಿ | ಅಕ್ಟೋಬರ್ 6

ಸಣ್ಣ ಹಾಯಿಗೆ ನಾನು ತಂದದ್ದು 6 ಮಿಲಿಮೀಟರಿನದು. ಅಂಗೈ ಕೊಯ್ಯುತ್ತದೆ, 8ರದು ತರಿಸು ಎಂದಿದ್ದಾರೆ. ಮುಂದಿನ ಭಾನುವಾರದೊಳಗೆ ಬೇಕಂತೆ.